ಐದನೆಯ ದಿನಕ್ಕೇ ಮಲಗಿದ ಗೊಂಬೆಗಳು

ಆವತ್ತು ಸಂಜೆ ನರಸೀಪುರದ ಬಸ್ಸಿಳಿದು ನಂಜನಗೂಡಿನ ನಮ್ಮ ಬೀದಿಗೆ ತಿರುಗುವಾಗಲೇ ಅತ್ತೆ ಬಾಗಿಲಲ್ಲಿ ನಿಂತಿರುವುದು ಕಂಡಿತು. ಸೊಂಟದ ಮೇಲೆ ಕೈ, ತಲೆಯ ಮೇಲೆ ಸೆರಗು. ಅತ್ತೆ ಹಾಗೆ ನಿಂತಿದ್ದಾರೆ ಎಂದರೆ ಗ್ಯಾಸ್ ಮುಗಿದಿರಬೇಕು, ಇಲ್ಲವೇ ನನ್ನ ಮಗಳು ಏನಾದರೂ ಒಡೆದಿರಬೇಕು. ಒಡೆದಿದ್ದರೆ ಒಡೆಯಲಿ, ಮೊದಲು ಒಂದು ಲೋಟ ಕಾಫಿ ಕುಡಿಯೋಣ ಅಂದುಕೊಂಡು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವಳು ಹಾಗೇ ನಿಂತುಬಿಟ್ಟೆ.

ನಡುಮನೆಯಲ್ಲಿ ದಸರಾ ಗೊಂಬೆಗಳನ್ನು ಐದು ಮೆಟ್ಟಿಲಿನ ಮೇಲೆ ಜೋಡಿಸಿದ್ದೆವು. ಬೆಳಿಗ್ಗೆ ನಾನು ಹೊರಡುವಾಗ ಎಲ್ಲವೂ ನೆಟ್ಟಗೆ ನಿಂತಿದ್ದವು. ಈಗ ಒಂದೇ ಒಂದು ಗೊಂಬೆ ನಿಂತಿರಲಿಲ್ಲ. ಬ್ಯಾಂಡಿನವರು, ದಶಾವತಾರ, ಅಂಬಾರಿ ಆನೆ, ಪ್ಲಾಸ್ಟಿಕ್ ಹುಲಿ, ಎಲ್ಲರೂ ಸಾಲಾಗಿ ಮಲಗಿದ್ದರು. ಒಬ್ಬೊಬ್ಬರ ಮೇಲೂ ಹೊದಿಕೆ ಬೇರೆ. ಕರ್ಚೀಫು, ನನ್ನ ಬ್ಲೌಸ್ ಪೀಸು, ಮನೆಯವರ ಕಾಲುಚೀಲ. ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ನನ್ನ ಹೊಸ ಟವೆಲಿನಡಿ ಪಟ್ಟದ ಗೊಂಬೆಗಳು ಮುಖ ಮುಚ್ಚಿಕೊಂಡು ಮಲಗಿದ್ದವು.

ಪಟ್ಟದ ಗೊಂಬೆ ಎಂದರೆ ನನ್ನ ಮದುವೆಯಲ್ಲಿ ಅಮ್ಮ ಕೊಟ್ಟ ಮರದ ರಾಜ-ರಾಣಿ. ಹಬ್ಬದ ಮೊದಲ ದಿನ ಅವನ್ನು ಕೂರಿಸಿದರೆ, ಹತ್ತನೆಯ ದಿನ ವಿಜಯದಶಮಿಯ ಸಂಜೆ ಆರತಿ ಮಾಡಿ ಮಲಗಿಸುವವರೆಗೆ ಯಾರೂ ಅಲುಗಿಸುವ ಹಾಗಿಲ್ಲ. ಮಲಗಿಸಿದರೆ ಹಬ್ಬ ಮುಗಿಯಿತು. ಆವತ್ತಿನ್ನೂ ಐದನೆಯ ದಿನ! ಅದರಲ್ಲೂ ಗಂಡ-ಹೆಂಡತಿಯ ಜೋಡಿಯನ್ನು ಅಂಗಾತ ಮಲಗಿಸಿ ಮುಖ ಮುಚ್ಚುವುದೆಂದರೆ! ನೋಡಿದ ಕೂಡಲೇ ನನ್ನ ತಲೆಗೆ ಬಂದದ್ದನ್ನು ಬರೆಯಲು ಈಗಲೂ ಕೈ ಬರುವುದಿಲ್ಲ.

"ನೋಡವ್ವಾ ನೋಡು, ನಿನ್ ಮಗ್ಳು ಮಾಡಿರೋ ಕೆಲ್ಸವ," ಅಂದರು ಅತ್ತೆ, ನನ್ನ ಬೆನ್ನ ಹಿಂದೆಯೇ ಬಂದು. "ನಾನು ಇತ್ಲಲ್ಲಿ ಬಟ್ಟೆ ಒಣಾಕಿ ಬರೋದ್ರೊಳ್ಗೆ ಎಲ್ಲಾನೂ ಮಲುಗ್ಸವ್ಳೆ. ಎತ್ತಿ ನಿಲ್ಸಕ್ಕೆ ನಂಗೆ ಕೈಯೇ ಬರ್ನಿಲ್ಲ ಕಣವ್ವ. ಮೊದ್ಲು ಅವುನ್ಗೊಂದು ಪೋನ್ ಮಾಡು."

ಅತ್ತೆ ಕಳಲೆಯ ಬೇಸಾಯದ ಮನೆಯವರು. ಗೊಂಬೆ ಕೂರಿಸುವ ಪದ್ಧತಿ ನನ್ನ ತವರಿನಿಂದ ಬಂದದ್ದು. ಮೊದಮೊದಲು "ನಮ್ಮೂರಲ್ಲಿ ಗೊಂಬೆ ಗಿಂಬೆ ಎಲ್ಲಿತ್ತವ್ವ, ಐಕ್ಳಾಟ" ಎಂದು ನಗುತ್ತಿದ್ದವರು ಈಗ ನನಗಿಂತ ಕಟ್ಟುನಿಟ್ಟು. ನಾನೋ, ಶಕುನ-ಅಪಶಕುನ ಎಲ್ಲ ಸುಳ್ಳು ಎಂದು ಊರಿಗೆಲ್ಲ ಭಾಷಣ ಬಿಗಿಯುವವಳು. ಅಂಥವಳು ಮರುಮಾತಿಲ್ಲದೆ ಫೋನ್ ತೆಗೆದು ಮನೆಯವರಿಗೆ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ, ಎತ್ತಲಿಲ್ಲ. ಫ್ಯಾಕ್ಟರಿ ಬಿಡುವ ಹೊತ್ತು, ಬೈಕಿನಲ್ಲಿರುತ್ತಾರೆ ಎಂದು ಗೊತ್ತಿದ್ದೂ ಮೂರನೆಯ ಸಲ ಮಾಡಿದೆ.

ಮಗಳು ಗೊಂಬೆ ಮೆಟ್ಟಿಲಿನ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಏಳು ವರ್ಷದವಳು. ಮುಖದಲ್ಲಿ ಒಂದಿಷ್ಟೂ ತಪ್ಪು ಮಾಡಿದ ಕಳೆಯಿಲ್ಲ. ತೊಡೆಯ ಮೇಲೆ ಅವಳ ಕಾಗದದ ಆನೆ.

"ಅಮ್ಮ, ಗೊಂಬೆ ಎಲ್ಲಾ ಮಲಗ್ಸಾಯ್ತು," ಅಂದಳು. "ದಸರಾ ಮುಗೀತು. ನಾಳೆ ನೀನು ಹೋಗಲ್ಲ ಅಲ್ವಾ? ಸೊಂಡಿಲು ಮಾಡೋಣ."

"ಬುದ್ಧಿ ಇದೆಯೇನೇ ನಿನಗೆ?" ಎಂದು ನಾನು ಕಿರುಚಿದೆ. ಆ ಕಿರುಚಾಟಕ್ಕೆ ನನಗೇ ನನ್ನ ಮೇಲೆ ಅಸಹ್ಯವಾಯಿತು. ಅವಳು ಅಳಲಿಲ್ಲ. ಲೆಕ್ಕ ಸರಿಯಾಗಿ ಮಾಡಿದರೂ ಉತ್ತರ ತಪ್ಪು ಬಂದರೆ ಮಕ್ಕಳು ಪುಸ್ತಕವನ್ನೇ ನೋಡುತ್ತಾರಲ್ಲ, ಹಾಗೆ ನನ್ನನ್ನು ನೋಡಿದಳು.

ಲೆಕ್ಕ ಹೇಳಿಕೊಟ್ಟವಳು ನಾನೇ. ರಜೆಗಳಲ್ಲಿ ಊರೂರು ಸುತ್ತಿ ಮಕ್ಕಳಿಗೆ ಕರಕುಶಲ ಕಲಿಸುವುದು ನನ್ನ ಕೆಲಸ. ಹಳೆಯ ನ್ಯೂಸ್ ಪೇಪರ್ ನೆನೆಸಿ, ರುಬ್ಬಿ, ಮೈದಾ ಅಂಟು ಕಲಸಿ, ಹುಳ ಹಿಡಿಯದಿರಲಿ ಎಂದು ಒಂದು ಹಿಡಿ ಮೆಂತ್ಯದ ಪುಡಿ ಹಾಕಿದರೆ ಮುದ್ದೆಯಾಗುತ್ತದೆ. ಅದರಲ್ಲಿ ಗೊಂಬೆ ಮಾಡಿಸುತ್ತೇನೆ. ಆ ದಸರಾ ರಜೆಗೆ ನರಸೀಪುರದಲ್ಲಿ ಒಂದು ಸಮುದಾಯ ಭವನದ ಹಿಂದಿನ ಹಾಲಿನಲ್ಲಿ ಹಬ್ಬದ ಎರಡನೆಯ ದಿನದಿಂದ ಎಂಟನೆಯ ದಿನದವರೆಗೆ ಶಿಬಿರ. ಹದಿನೆಂಟು ಮಕ್ಕಳು. ಸೋಮನಾಥಪುರದ ಕಡೆಯಿಂದಲೂ ಬಸ್ಸು ಹತ್ತಿ ಬರುತ್ತಿದ್ದರು. ಬೆಳಿಗ್ಗೆ ಮನೆ ಬಿಟ್ಟರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ನಾನು ವಾಪಸ್ಸು.

ಮಗಳ ಆನೆ ಬೇಸಿಗೆಯಿಂದ ಫ್ರಿಜ್ಜಿನ ಮೇಲೆ ಕೂತಿತ್ತು. ಮೈ ಇದೆ, ಕಾಲಿದೆ, ಕಿವಿಯಿದೆ, ಸೊಂಡಿಲಿಲ್ಲ. ಸೊಂಡಿಲಿಗೆ ತಂತಿ ಬಗ್ಗಿಸಬೇಕು, ಅದು ದೊಡ್ಡವರ ಕೈಕೆಲಸ. ಅವಳು ಕೇಳಿದಾಗಲೆಲ್ಲ "ನಾಳೆ ಕಣೇ" ಅಂದಿದ್ದೆ. ಗೊಂಬೆ ಕೂರಿಸಿದ ದಿನ ಮತ್ತೆ ಕೇಳಿದಳು, ಈ ಸಲ ಎಷ್ಟು ದಿನ ಹೋಗ್ತೀಯ ಅಂತ. ಕೈತುಂಬ ಕೆಲಸ, ಬಾಯಿಗೆ ಬಂದದ್ದು ಹೇಳಿದೆ. "ಗೊಂಬೆ ಮಲಗಿಸೋ ತನಕ ಅಷ್ಟೇ. ಮಲಗಿಸಿದ ಮೇಲೆ ನಾನು ಎಲ್ಲೂ ಹೋಗಲ್ಲ. ಇಬ್ಬರೂ ಕೂತು ನಿನ್ನ ಆನೆಗೆ ಸೊಂಡಿಲು ಮಾಡೋಣ." ಹೇಳಿದ್ದನ್ನು ನಾನು ಅಲ್ಲೇ ಮರೆತೆ. ಅವಳು ಮರೆಯಲಿಲ್ಲ. ಐದು ದಿನ ಕಾದು, ಕಾದು ಸಾಕಾಗಿ, ತಾನೇ ಮಲಗಿಸಿದಳು.

ಅರ್ಧ ಗಂಟೆಯ ಮೇಲೆ ಮನೆಯವರ ಬೈಕಿನ ಸದ್ದು ಕೇಳಿತು. ಕೈಯಲ್ಲಿ ಹೂವಿನ ಪೊಟ್ಟಣ ಹಿಡಿದು ಒಳಗೆ ಬಂದರು. ಅತ್ತೆಯೂ ನಾನೂ ಬಾಗಿಲಿಗೆ ಓಡಿ ಅವರನ್ನು ಮೇಲಿಂದ ಕೆಳಗೆ ನೋಡಿದೆವು.

"ಏನಿದು, ಇಬ್ಬರೂ ಕಳ್ಳನ್ನ ನೋಡ್ದಂಗೆ ನೋಡ್ತಿದ್ದೀರಾ?"

ಅತ್ತೆ ಒಳಗಿಂದ ಉಪ್ಪು-ಮೆಣಸಿನಕಾಯಿ ತಂದು ಮಗನಿಗೆ ನೀವಾಳಿಸಿದರು. ಆಮೇಲೆ ಗೊಂಬೆಗಳ ಮುಂದೆ ನಿಂತು, "ತೆಪ್ಪಾಯ್ತು ಕಣ್ರಪ್ಪಾ, ಕೂಸು ಗೊತ್ತಿಲ್ದೆ ಮಾಡ್ತು, ಒಟ್ಟೆಗಾಕ್ಕೊಳಿ" ಎಂದು ಕೈ ಮುಗಿದು ಒಂದೊಂದನ್ನೇ ಎತ್ತಿ ನಿಲ್ಲಿಸಿದರು. ಮಗಳು ಎದ್ದು ಆನೆಯನ್ನು ಫ್ರಿಜ್ಜಿನ ಮೇಲೆ ವಾಪಸ್ಸಿಡಲು ಹೋದಳು. ಕೈ ಎಟುಕಲಿಲ್ಲ. ನಾನೇ ಇಟ್ಟೆ.

ಮಾರನೆಯ ದಿನ ಶಿಬಿರದಲ್ಲಿ ಬಣ್ಣ ಹಚ್ಚುವ ದಿನ, ತಪ್ಪಿಸುವ ಹಾಗಿರಲಿಲ್ಲ. ಹಾಗಾದರೆ ಇವಳನ್ನೂ ಕರೆದುಕೊಂಡು ಹೋಗುತ್ತೇನೆ, ಅಲ್ಲೇ ಸೊಂಡಿಲು ಮಾಡುತ್ತೇನೆ, ಎರಡೂ ಆಗುತ್ತದೆ ಎಂದು ಹೇಳಿದೆ. ಶಿಬಿರದ ಮೊದಲ ದಿನವೂ ಅವಳನ್ನು ಕರೆದೊಯ್ದಿದ್ದೆ. ಮಿಕ್ಕ ಮಕ್ಕಳಿಗೆ ಭೇದಭಾವ ಅನ್ನಿಸಬಾರದೆಂದು "ಇಲ್ಲಿ ನಾನು ಎಲ್ಲರಿಗೂ ಮಿಸ್, ನಿನಗೂ ಮಿಸ್" ಎಂದು ಪಾಠ ಮಾಡಿದ್ದೆ. ಅವಳು ದಿನವೆಲ್ಲ ಮಿಸ್ ಅಂದಳು. ಸಂಜೆ ಬಸ್ಸಿನಲ್ಲಿ ಬರುವಾಗಲೂ "ಮಿಸ್, ನೀರು" ಅಂದಳು. ಪಕ್ಕದ ಸೀಟಿನ ಹೆಂಗಸರೊಂದಿಗೆ ನಾನೂ ನಕ್ಕೆ. ಎರಡನೆಯ ದಿನ ಬರಲ್ಲ ಅಂದಳು, ಬಸ್ಸಿನಲ್ಲಿ ವಾಂತಿ ಬರುತ್ತೆ ಅಂದಳು. ನಂಬಿದೆ. ನಂಬುವುದು ನನಗೂ ಅನುಕೂಲವಾಗಿತ್ತು.

ಬೆಳಗಿನ ಬಸ್ಸು ಕಿಕ್ಕಿರಿದಿತ್ತು. ಹೆಂಗಸರಿಗೆ ಟಿಕೆಟ್ಟು ಫ್ರೀ ಆದಮೇಲೆ ಕೂರಲು ಜಾಗ ಸಿಗುವುದು ಪುಣ್ಯ. ಯಾರೋ ಅಜ್ಜಿ "ಬಾ ಮಗಾ" ಎಂದು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಆನೆಯ ಚೀಲವನ್ನು ಅವಳು ದಾರಿಯುದ್ದಕ್ಕೂ ಎದೆಗವಚಿಕೊಂಡಿದ್ದಳು. ವಾಂತಿ ಗೀಂತಿ ಏನೂ ಬರಲಿಲ್ಲ.

ಹಾಲಿನಲ್ಲಿ ಬಣ್ಣದ ಡಬ್ಬಿ ಬಿಚ್ಚಿದ್ದೇ ತಡ, ಹದಿನೆಂಟು ಮಕ್ಕಳೂ ಮುತ್ತಿಕೊಂಡರು. ಮಿಸ್ ನನ್ನ ರಾಣಿಗೆ ಮೂಗು ಬರ್ತಿಲ್ಲ, ಮಿಸ್ ಇವ್ನು ನನ್ ಬ್ರಶ್ ಕೊಡ್ತಿಲ್ಲ, ಮಿಸ್ ಮಿಸ್ ಮಿಸ್. ಒಂದು ನಿಮಿಷ ಕಣೇ ಎಂದು ಮಗಳಿಗೆ ನಾಲ್ಕು ಸಲ ಹೇಳಿರಬೇಕು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಗೊಂಬೆಗಳಿಗೂ ಮುಖ ಬಂದಿತ್ತು. ಒಣಗಲಿ ಎಂದು ಕಿಟಕಿಯ ಕೆಳಗೆ ಸಾಲಾಗಿ ನಿಲ್ಲಿಸಿ, ಊಟದ ಡಬ್ಬಿ ಹಿಡಿದ ಮಕ್ಕಳನ್ನು ಹೊಂಗೆ ಮರದಡಿಗೆ ಕಳಿಸಿದೆ. ಮಗಳು ಅವರ ಜೊತೆ ಹೋದಳೆಂದೇ ತಿಳಿದು ಒಂದು ಫೋನ್ ಮಾತಾಡುತ್ತ ಆಚೆ ನಿಂತೆ.

ಒಳಗೆ ಬಂದು ನೋಡಿದರೆ ಕಿಟಕಿಯ ಕೆಳಗೆ ಒಂದು ಗೊಂಬೆಯೂ ನಿಂತಿಲ್ಲ!

ಅಯ್ಯೋ ದೇವರೇ. ಹದಿನೆಂಟೂ ಮಲಗಿದ್ದವು. ಹಾಸಿದ್ದೂ ನ್ಯೂಸ್ ಪೇಪರ್, ಹೊದಿಸಿದ್ದೂ ನ್ಯೂಸ್ ಪೇಪರ್. ಹಸಿ ಬಣ್ಣ. ಒಂದನ್ನು ಎತ್ತಿದೆ, ಹೊದಿಕೆಯ ಜೊತೆ ಮುಖವೂ ಕಿತ್ತುಬಂತು. ಇನ್ನೊಂದು ರಾಣಿಯ ಕೆನ್ನೆಯ ಮೇಲೆ ಸಿಮೆಂಟಿನ ಜಾಹೀರಾತು ಅಚ್ಚಾಗಿತ್ತು. ಅಷ್ಟರಲ್ಲಿ ಮಕ್ಕಳು ನುಗ್ಗಿದರು. ಒಬ್ಬಳು ಶುರು ಮಾಡಿದಳು, ಆಮೇಲೆ ಹಾಲಿಗೆ ಹಾಲೇ ಅಳು. ಮೊಮ್ಮಗನಿಗೆ ಊಟ ತಂದಿದ್ದ ಒಬ್ಬ ಅಜ್ಜಿ ಬಾಗಿಲಲ್ಲೇ ಗಂಟಲು ತೆಗೆದರು.

"ಯಾವ್ ಮಗ ಕಣ್ರೀ ಇದು ಮಾಡಿದ್ದು? ನಾಕ್ ದಿನದಿಂದ ನಮ್ ಹೈದ ನಿದ್ದೆಗೆಟ್ಟು ಮಾಡವ್ನೆ. ಯೋಳೋರು ಕೇಳೋರು ಯಾರೂ ಇಲ್ವಾ ಇಲ್ಲಿ?"

ಮಗಳು ಮೂಲೆಯಲ್ಲಿ ನಿಂತಿದ್ದಳು. ಅಂಗೈ ತುಂಬ ಕೆಂಪು, ಹಸಿರು. ನಾನು ಎರಡೇ ಹೆಜ್ಜೆಯಲ್ಲಿ ಅಲ್ಲಿದ್ದೆ. ಕೈ ಮೇಲೆದ್ದಿತ್ತು. ಹೊಡೆಯುವುದಕ್ಕೇ ಎದ್ದಿತ್ತು, ಸುಳ್ಳು ಯಾಕೆ ಹೇಳಲಿ.

"ಇವನ್ನೂ ಮಲಗ್ಸಾಯ್ತು," ಅಂದಳು, ಮೆಲ್ಲಗೆ. "ಈಗಲಾದ್ರೂ ಮನೆಗೆ ಹೋಗೋಣ್ವಾ, ಮಿಸ್?"

ಎತ್ತಿದ ಕೈ ಅಲ್ಲೇ ನಿಂತಿತು. ಮಿಸ್ ಎನ್ನು ಎಂದು ಆವತ್ತು ನಾನು ಹೇಳಿರಲಿಲ್ಲ. ಯಾರೋ ಮುಖಕ್ಕೆ ಹೊಡೆದ ಹಾಗಾಯಿತು. ಆ ಕೈಯನ್ನು ಎಲ್ಲಿಡಬೇಕೆಂದೇ ತಿಳಿಯದೆ ಕೊನೆಗೆ ಅವಳ ತಲೆಯ ಮೇಲಿಟ್ಟೆ.

"ಇವಳು ನನ್ನ ಮಗಳು," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ತಪ್ಪು ನನ್ನದು. ಒಂದೊಂದು ಗೊಂಬೆಯನ್ನೂ ನಾನೇ ಕೂತು ಸರಿಮಾಡಿಕೊಡ್ತೀನಿ." ಅಜ್ಜಿ ಗೊಣಗಿಕೊಂಡೇ ಕೂತರು. ಸ್ವಲ್ಪ ಹೊತ್ತಿನ ಮೇಲೆ ಬುತ್ತಿಯಿಂದ ಒಂದು ಚಕ್ಕುಲಿ ತೆಗೆದು ಮಗಳ ಬಣ್ಣದ ಕೈಗೇ ಕೊಟ್ಟರು. ಆ ಮಧ್ಯಾಹ್ನವೆಲ್ಲ ಅಂಟಿದ ಕಾಗದ ಕೆರೆದೆವು, ಮತ್ತೆ ಮುಖ ಬರೆದೆವು. ಸಂಜೆ ಬಸ್ಸಿನಲ್ಲಿ ಮಗಳು ನನ್ನ ತೋಳಿಗೊರಗಿ ನಿದ್ದೆಹೋದಳು. ಕಾಲ ಬಳಿಯಿದ್ದ ಚೀಲ ನೋಡಿದೆ. ಆನೆ ಹೇಗೆ ಬಂದಿತ್ತೋ ಹಾಗೇ ವಾಪಸ್ಸು ಹೋಗುತ್ತಿತ್ತು. ಹದಿನೆಂಟು ಮುಖ ಎರಡೆರಡು ಸಲ ಬರೆದವಳಿಗೆ ಒಂದು ಸೊಂಡಿಲಿಗೆ ಪುರಸೊತ್ತಾಗಿರಲಿಲ್ಲ. ನಾಚಿಕೆಯಾಯಿತು.

ಶಿಬಿರ ಮುಗಿದು, ಆಯುಧಪೂಜೆಯ ದಿನ, ಮನೆಯವರು ಬೈಕ್ ತೊಳೆಯುತ್ತಿದ್ದಾಗ ಅವಳೂ ನಾನೂ ಹಿತ್ತಲಲ್ಲಿ ಕೂತು ಸೊಂಡಿಲು ಮಾಡಿದೆವು. ತಂತಿ ಬಗ್ಗಿಸಿದ್ದು ನಾನು, ಮುದ್ದೆ ಮೆತ್ತಿದ್ದು ಅವಳು. ಸೊಂಡಿಲು ಸ್ವಲ್ಪ ಎಡಕ್ಕೆ ತಿರುಗಿತು. ಪರವಾಗಿಲ್ಲ, ಆನೆ ಆಚೆ ಬೀದಿ ನೋಡ್ತಿದೆ ಅಂದಳು. ಅವಳ ಬಾಯಲ್ಲಿ ಆವತ್ತು ದಿನವೆಲ್ಲ ಅಮ್ಮ, ಅಮ್ಮ. ಎಲ್ಲ ಸರಿಹೋಯಿತು ಎಂದು ನಾನು ತಿಳಿದೆ. ನನ್ನಷ್ಟು ದಡ್ಡಿ ಇನ್ನೊಬ್ಬಳಿಲ್ಲ.

ಮಾರನೆಯ ದಿನ ವಿಜಯದಶಮಿ. ಬೆಳಿಗ್ಗೆ ತಲಕಾಡಿನಿಂದ ಫೋನ್ ಬಂತು. ಅಲ್ಲೊಂದು ಕಡೆ ಐದು ದಿನದ ಶಿಬಿರ, ನಾಳೆಯಿಂದಲೇ, ಬರುತ್ತೀರಾ ಎಂದು. ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು, ದನಿ ತಗ್ಗಿಸಿ, ಬರುತ್ತೇನೆ ಅಂದೆ. ಯಾಕೆ ಅಂದೆನೋ! ಕೆಲಸ ಕೈಬಿಟ್ಟರೆ ಮತ್ತೆ ಕರೆಯಲಿಕ್ಕಿಲ್ಲ ಎಂಬ ಭಯವೋ, ಹೋಗಬೇಕೆಂಬ ಆಸೆಯೋ, ಎರಡೂ ಇದ್ದವು. ಮಗಳು ಆಗ ನಡುಮನೆಯಲ್ಲಿ ಆನೆಗೆ ಬಣ್ಣ ಹಚ್ಚುತ್ತಿದ್ದಳು.

ಸಂಜೆ ಆರತಿಯಾಯಿತು. ಅತ್ತೆ ಮೊಮ್ಮಗಳನ್ನು ಮುಂದಕ್ಕೆ ಕರೆದರು. "ಬಾ ಮಗಾ, ಈಗ ಮಲುಗ್ಸು. ಇವತ್ತು ನಿನ್ನ ಯಾರೂ ಬೈಯಕ್ಕಿಲ್ಲ."

ಮಗಳು ಸ್ಟೂಲ್ ಹತ್ತಿದಳು. ರಾಜನನ್ನು ಎರಡೂ ಕೈಯಲ್ಲಿ ಎತ್ತಿ, ಮೆತ್ತಗೆ ಮಲಗಿಸಿ, ಕರ್ಚೀಫು ಹೊದಿಸಿದಳು. ಆಮೇಲೆ ರಾಣಿಯನ್ನು ಎತ್ತಿಕೊಂಡಳು. ಮಲಗಿಸಲಿಲ್ಲ. ಸ್ಟೂಲಿನಿಂದ ಇಳಿದು, ನಾವೆಲ್ಲ ನೋಡುತ್ತಿದ್ದಂತೆಯೇ ರಾಣಿಯನ್ನು ಬಾಗಿಲ ಬಳಿ ಒಯ್ದು, ನನ್ನ ಚಪ್ಪಲಿಯ ಪಕ್ಕದಲ್ಲಿ ನಿಲ್ಲಿಸಿದಳು. ಮುಖ ಬೀದಿಯ ಕಡೆಗೆ.

"ಅಲ್ಯಾಕವ್ವಾ ನಿಲ್ಲುಸ್ದೆ?" ಅಂದರು ಅತ್ತೆ ಗಾಬರಿಯಾಗಿ. "ಅವ್ಳ್ನೂ ಮಲುಗ್ಸು."

"ಇವಳು ಮಲಗಲ್ಲ ಅಜ್ಜಿ," ಅಂದಳು ಮಗಳು. "ಇವಳಿಗೆ ಬೆಳಿಗ್ಗೆ ಬಸ್ಸಿದೆ."

ತಲಕಾಡಿನ ವಿಷಯ ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.