ಮಾವ ಒರಗಿದ ಕಂಬ

ಜಪಾನಿನಲ್ಲಿ ಹಲಗೆಗಳನ್ನು ಸುಟ್ಟು, ಆ ಕರಿ ಮೈಯಲ್ಲೇ ಮನೆಯ ಗೋಡೆ ಕಟ್ಟುತ್ತಾರಂತೆ, ಹುಳ ಮುಟ್ಟುವುದಿಲ್ಲವಂತೆ. ಯಾವುದೋ ಮಾಸಪತ್ರಿಕೆಯಲ್ಲಿ ಅದನ್ನು ಓದಿ ನನಗೆ ನಗು ಬಂತು. ಅದೇ ಮಾತೆತ್ತಿ ನಾನು ಸೇಡಂ ಕಡೆಯ ಗಂಡನ ಮನೆಯಲ್ಲಿ ಮೂರು ದಿನ ಅತ್ತೆಯ ಮೌನ ಉಂಡವಳು.

ಮದುವೆಯಾಗಿ ಎರಡನೆಯ ವರ್ಷ. ಪಡಸಾಲೆಯ ತೇಗದ ಕಂಬದ ಬುಡವನ್ನು ಒರಲಿ, ಅದೇ ಗೆದ್ದಲು, ತಿಂದಿತ್ತು. ನನ್ನ ಗಂಡ ಶಹಾಬಾದಿನ ಕಲ್ಲುಕಂಬ ತಂದು ನಿಲ್ಲಿಸಿ, ಹಳೆಯದನ್ನು ಒಲೆಗೆ ಸೀಳುವೆನೆಂದರು. ಅತ್ತೆ ಅದರ ಮೇಲೆ ಕೈಯಿಟ್ಟು ಕುಳಿತುಬಿಟ್ಟರು. ಮಾವ ಬದುಕಿದ್ದಷ್ಟು ದಿನ ಅದಕ್ಕೇ ಒರಗಿ ಕೂರುತ್ತಿದ್ದರು. ತಲೆಯ ಎಣ್ಣೆ ತಾಗಿ ಅಂಗೈಯಗಲ ಜಾಗ ಹೊಳೆಯುತ್ತಿತ್ತು. ಅವರು ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ.

"ಅಂಗಳದ ಚಪ್ಪರಕ್ಕ ಇದನ್ನೇ ನಿಲ್ಲಸು," ಎಂದರು ಅತ್ತೆ.

"ಮತ್ತ ಒರಲಿ ಹತ್ತತದ," ಎಂದರು ಮಗ.

ನನ್ನ ತವರು ಚಿಂಚೋಳಿ ಕಾಡಿನಂಚು. ಅಲ್ಲಿ ಬೇಲಿಗೂಟದ ಕಾಲನ್ನೂ ಸುಡದೆ ನೆಲಕ್ಕೆ ಇಳಿಸುವುದಿಲ್ಲ. ಜಾಣತನ ತೋರಿಸುವ ಚಪಲ ನನಗೆ ಮೊದಲಿನಿಂದಲೂ ಇದೆ. "ಸುಡೋಣ್ರಿ," ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅತ್ತೆಯ ಮುಖ ಬಿಳಿಚಿತು. "ನಮ್ಮ ಮಂದೀನ ಮಣ್ಣಾಗ ಇಡ್ತೀವಿ, ಸುಡಂಗಿಲ್ಲ. ಲಿಂಗ ಕಟ್ಟಿದಾಕಿಗಿ ಇಷ್ಟೂ ತಿಳಿಯಲ್ದೇನು?"

ಅವರು ಕಂಬದ ಮಾತಾಡುತ್ತಿಲ್ಲವೆಂದು ಆಗ ಗೊತ್ತಾಯಿತು. ಭಾರೀ ನಾಚಿಕೆಯಾಯಿತು.

ನಾಲ್ಕನೆಯ ದಿನ ಬೆಳಿಗ್ಗೆ ಅವರ ಪಕ್ಕದಲ್ಲಿ ಕುಳಿತು ಹೇಳಿದೆ: "ಮಣ್ಣಾಗ ಭಾಳ ದಿನ ಇರ್ಲಿ ಅಂತನೇ ಸುಡೋದ್ರಿ ಅತ್ತಿ. ಕಾಲಿಗಿ ಅಷ್ಟೇ. ಮಾವನವರ ತಲಿ ತಾಗಿದ್ದಲ್ಲಿಗಿ ಬೆಂಕಿ ಬರಗೊಡಂಗಿಲ್ಲ."

ಅತ್ತೆ ತಾವೇ ಎದ್ದು ಹೋಗಿ ತೊಗರಿಕಟ್ಟಿಗೆ ತಂದರು.

ಒರಲಿ ತಿಂದಿದ್ದ ಒಂದು ಗೇಣು ಬುಡವನ್ನು ಕೊಯ್ದು ತೆಗೆದು, ಉಳಿದ ಕಾಲನ್ನು ಉರಿಯ ಮೇಲೆ ಹೊರಳಿಸಿ ಹೊರಳಿಸಿ ಸುಟ್ಟೆವು. ಕರಿ ಬಿರುಕು ಬಿಟ್ಟ ಮೇಲೆ ನೀರು ಚಿಮುಕಿಸಿ, ತೆಂಗಿನ ನಾರಿನಿಂದ ಉಜ್ಜಿ, ಕುಸುಬಿ ಎಣ್ಣೆ ಸವರಿದೆವು. ಅಷ್ಟು ಹೊತ್ತೂ ಅತ್ತೆ ಆ ಹೊಳೆಯುವ ಜಾಗಕ್ಕೆ ಒದ್ದೆ ಬಟ್ಟೆ ಸುತ್ತಿ ಹಿಡಿದಿದ್ದರು, ಜ್ವರ ಬಂದ ಮಗುವಿನ ಹಣೆಗೆ ಹಿಡಿದ ಹಾಗೆ. ಮೊದಲಿನಷ್ಟೇ ಆಳಕ್ಕೆ ಹೂಳಿ ನಿಲ್ಲಿಸಿದೆವು.

ಚಪ್ಪರವಾದ ಸಂಜೆ ಅತ್ತೆ ಕಂಬಕ್ಕೆ ವಿಭೂತಿ ಹಚ್ಚಿ ಒರಗಿ ಕುಳಿತರು. ಮಾವ ಎತ್ತರದ ಆಳು. ಪಡಸಾಲೆಯಲ್ಲಿ ಅತ್ತೆ ಕುಳಿತರೆ ಆ ಎಣ್ಣೆಕಲೆ ಅವರ ತಲೆಗಿಂತ ಒಂದು ಗೇಣು ಮೇಲಿರುತ್ತಿತ್ತು. ಈಗ ಅವರ ತಲೆ ಸರಿಯಾಗಿ ಅಲ್ಲಿಗೇ ತಾಗಿತು.

ಕೈ ಹಿಂದೆ ಮಾಡಿ ತಡವಿ ನೋಡಿದರು. "ಬಾ ಯವ್ವ, ನೀನೂ ಕುಂದ್ರು," ಎಂದು ಸರಿದು ಜಾಗ ಬಿಟ್ಟರು.