ಗಾಳಿಯೋ ಗಾಲಿಯೋ

ಹೋದ ತಿಂಗಳು ಹೊಸ ಚಪ್ಪಲಿಯ ಬಾಕ್ಸ್ ತೆರೆದೆ ನೋಡಿ, ತೊಗಲಿನ ವಾಸನೆಗೆ ತಟಕ್ಕನೆ ಚರ್ಚು ನೆನಪಾಯಿತು. ಉಡುಪಿ ಹೋಟೆಲಿನವರ ಮಗಳಿಗೆ ಚಪ್ಪಲಿ ಮೂಸಿದರೆ ಚರ್ಚು! ನಗಬೇಡಿ, ಹೇಳುತ್ತೇನೆ.

ತ್ರಿಪ್ಲಿಕೇನ್‌ನಲ್ಲಿ ಮೆಸ್ ನಡೆಸುತ್ತಿದ್ದ ಅಪ್ಪಯ್ಯ ನನ್ನನ್ನು ಮದರಾಸಿನಾಚೆಯ ಹಳ್ಳಿಯೊಂದರ ಕಾನ್ವೆಂಟ್ ಬೋರ್ಡಿಂಗಿಗೆ ಹಾಕಿದ್ದರು. "ಇಂಗ್ಲಿಷ್ ಒಂದು ಕಲಿ ಮಾರಾಯ್ತಿ, ಪ್ರಾರ್ಥನೆ ಯಾರದ್ದಾದರೆ ಎಂತ?" ಎಂದಿದ್ದರು. ಅಲ್ಲಿನ ಚರ್ಚಿನ ಅಟ್ಟದಲ್ಲಿ, ಎಂದೋ ಹಡಗಿನಲ್ಲಿ ಬಂದ ಪೈಪ್ ಆರ್ಗನ್. ಅದರ ಹಿಂದೆ ಕಮ್ಮಾರನದಕ್ಕಿಂತ ದೊಡ್ಡ ತೊಗಲಿನ ತಿದಿ. ಹಿಡಿಕೆ ಒತ್ತಿದರೆ ಗಾಳಿ ಕೊಳವೆಗಳಿಗೇರಿ ಸ್ವರವಾಗಬೇಕು. ನನ್ನ ಹಾಡು ಕೇಳಿದ ಸಿಸ್ಟರ್ ಒಂದೇ ನಿಮಿಷದಲ್ಲಿ ನನ್ನನ್ನು ಕಾಯರ್ ಹಾಡುಗುಂಪಿನಿಂದ ತೆಗೆದು ತಿದಿಗೆ ನಿಲ್ಲಿಸಿದರು. "ಸ್ಟ್ರಾಂಗ್ ಆರ್ಮ್ಸ್, ಮೈ ಡಿಯರ್!" ಮೆಸ್ಸಿನ ರುಬ್ಬುಗುಂಡು ತಿರುಗಿಸಿದ ಕೈಯಲ್ಲವೇ!

ತಿದಿಯಲ್ಲಿ ಗಾಳಿ ಎಷ್ಟಿದೆಯೆಂದು ತೋರಿಸಲು ದಾರಕ್ಕೆ ಕಟ್ಟಿದ ಸೀಸದ ಗುಂಡೊಂದಿತ್ತು. ಅದನ್ನು ಕಾಯುವವಳು ನನ್ನ ಬೆಂಚ್‌ಮೇಟ್ ಫಿಲೋಮಿನಾ. "ಗಾಲಿ, ಗಾಲಿ!" ಎಂದು ಅವಳು ಪಿಸುಗುಟ್ಟಿದರೆ ನಾನು ಗಾಳಿ ಕೊಡುತ್ತಿದ್ದೆ. ಒಂದು ವರ್ಷ ಹೀಗೇ ನಡೆಯಿತು. ಕೊನೆಗೊಮ್ಮೆ ಮೆಚ್ಚಿ ಹೇಳಿದೆ: "ಫಿಲೋ, ಯುವರ್ ಕನ್ನಡ ಈಸ್ ಲವ್ಲಿ. ಆದರೆ ಗಾಲಿ ಅಲ್ಲ, ಗಾ-ಳಿ."

"ಕನ್ನಡವಾ? ಪೈತ್ಯಂ, ಹುಚ್ಚೀ! ಅದು ತಮಿಳ್ ಡೀ!"

ಮದರಾಸಿನ ತಮಿಳಿನಲ್ಲಿ ಗಾಲಿ ಎಂದರೆ ನಮ್ಮ ಖಾಲಿ. ಅವಳು ಮುಗಿಯಿತು ಎನ್ನುತ್ತಿದ್ದಳು, ನಾನು ಕೊಡು ಎಂದು ತಿಳಿಯುತ್ತಿದ್ದೆ. ಆರ್ಗನ್ನಿಗೇನು, ಎರಡೂ ಒಂದೇ.

ಚಪ್ಪಲಿ ಅಲ್ಲೇ ಬಿಟ್ಟು, ಈಗ ಇದೇ ಮದರಾಸಿನ ಪೆರಂಬೂರಿನಲ್ಲಿರುವ ಫಿಲೋಗೆ ಫೋನ್ ಮಾಡಿದೆ. ಅವಳ ಕಿವಿ ಮುಕ್ಕಾಲು ಹೋಗಿದೆ, ಆದ್ದರಿಂದ ಬೀದಿಗೆಲ್ಲ ಕೇಳುವಂತೆ ಕೂಗುತ್ತಾಳೆ: "ಸೋಮವಾರ ಆ ಅಟ್ಟ ಕೆಡವ್ತಾರಂತೆ! ಕಿವಿ ಪೂರ್ತಿ ಹೋಗೋ ಮುಂಚೆ ಒಂದೇ ಒಂದು ಸಲ ಅದನ್ನ ಕೇಳ್ಬೇಕು ಡೀ!"

ಮರುದಿನವೇ ಟ್ಯಾಕ್ಸಿಯಲ್ಲಿ ಹೊರಟೆವು. ಅಟ್ಟ ಹತ್ತಿ ನೋಡಿದರೆ ತಿದಿಯನ್ನು ಇಲಿಗಳು ತಿಂದು ತೇಗಿವೆ. ತವರದ ಕೊಳವೆಗಳು ಒಂದೂ ಇಲ್ಲ. ಮರದವು ನಾಲ್ಕೈದು, ಸೌದೆಯಂತೆ ಬಿದ್ದಿದ್ದವು. "ಸಾರಿ ಆಂಟಿ, ಇದರಲ್ಲಿ ಇನ್ನು ಸೌಂಡ್ ಬರಲ್ಲ" ಎಂದರು ಎಳೆವಯಸ್ಸಿನ ಫಾದರ್. ಫಿಲೋಗೆ ಮಾತು ಕೇಳಿಸಲಿಲ್ಲ. ಅವರ ಮುಖ ನೋಡಿಯೇ ಅವಳ ಮುಖ ಬಾಡಿತು.

ನನಗೆ ತಡೆಯಲಾಗಲಿಲ್ಲ. ಮೊಳದುದ್ದದ ಕೊಳವೆಯೊಂದನ್ನೆತ್ತಿ, ಸೆರಗಿನಲ್ಲಿ ಒರೆಸಿ, ಬಾಯಿಗಿಟ್ಟು ಊದಿದೆ. ಮೊದಲು ಧೂಳು ಬಂತು, ಆಮೇಲೆ ಕೆಮ್ಮು. ಮೂರನೆಯ ಸಲ ಒಂದು ದಪ್ಪನೆಯ, ದುಂಡನೆಯ "ಹೂಂ". ಹೆದರುತ್ತಲೇ ಫಿಲೋ ಕಡೆ ತಿರುಗಿದೆ. ಅವಳು ಕಣ್ಣು ಮುಚ್ಚಿ, ಅದುರುತ್ತಿದ್ದ ಅದೇ ಕೊಳವೆಯನ್ನು ಎರಡೂ ಅಂಗೈಗಳಲ್ಲಿ ಬಿಗಿಯಾಗಿ ಹಿಡಿದಿದ್ದಳು. ಇನ್ನೊಮ್ಮೆ ಊದಿದೆ.

"ಕೇಳಿಸಿತಾ?" ಎಂದು ಕಿರುಚಿದೆ.

ಒಂದೇ ಕಣ್ಣು ತೆರೆದಳು. "ಶ್ರುತಿ ಕೊಂಚಂ ಫ್ಲಾಟ್ ಡೀ."

ಫಾದರ್ ನಗುತ್ತ ಕೊಳವೆಯನ್ನು ನಮಗೇ ಕೊಟ್ಟುಬಿಟ್ಟರು. ಈಗದು ಫಿಲೋ ಮನೆಯ ಶೋಕೇಸಿನಲ್ಲಿದೆ. ಶನಿವಾರ ಬಂದರೆ ನಾನು ಪೆರಂಬೂರಿಗೆ ಹೋಗಿ ಊದುತ್ತೇನೆ. ಅವಳು ಎರಡೂ ಕೈಯಿಟ್ಟು ಕೇಳುತ್ತಾಳೆ, ತಪ್ಪು ಹುಡುಕುತ್ತಾಳೆ.