ನಾಲ್ಕನೇ ಸಾಲಿನ ಕೆಂಪು ಚುಕ್ಕೆ

ತಕ್ಕಡಿಯಣ್ಣ ಮನೆಯಲ್ಲಿ ಬಾಳೆಹಣ್ಣು ಹಂಚುವುದನ್ನು ನೋಡಬೇಕಿತ್ತು. ಮೂವರಿಗೆ ಎರಡು ಹಣ್ಣಿದ್ದರೆ ಅಳತೆಪಟ್ಟಿ ತಂದು, ಗುರುತು ಹಾಕಿ, ತುದಿ ಸಣ್ಣಗಿದೆಯೆಂದು ಆ ಕಡೆ ಒಂದು ನೂಲಿನಷ್ಟು ಹೆಚ್ಚು ಬಿಟ್ಟು ಕೊಯ್ಯುತ್ತಿದ್ದ. ಅಷ್ಟರಲ್ಲಿ ಹಣ್ಣು ಕಪ್ಪಾಗಿ, ಮಗಳ ಹಸಿವು ಸತ್ತು, ಅವಳು ಆಡಲು ಓಡಿಹೋಗಿರುತ್ತಿದ್ದಳು.

"ನಿಮ್ಮ ನ್ಯಾಯ ಮುಗಿಯೋದ್ರೊಳಗೆ ಆ ಗಿಡ ಇನ್ನೊಂದು ಗೊನೆ ಬಿಡುತ್ತೆ," ಎನ್ನುತ್ತಿದ್ದಳು ಹೆಂಡತಿ.

ಗೋಡೆಯ ಮೇಲೆ ಸಾಲಾಗಿ ಹೋಗುವ ಇರುವೆಗಳನ್ನೂ ಆತ ಎರಡು ಪಾಳಿ ಮಾಡಿದ್ದನೆಂದು ಹೇಳುವವರಿದ್ದಾರೆ. ಇರುವೆಗಳು ಒಪ್ಪಿದವೋ ಇಲ್ಲವೋ ತಿಳಿಯದು.

ಈ ಚಟ ಸುಮ್ಮನೆ ಹತ್ತಿದ್ದಲ್ಲ. ಮೂರು ಮಹಡಿಯ ಕಚೇರಿ ಕಟ್ಟಡವೊಂದರಲ್ಲಿ ಅವನು ಹದಿನೆಂಟು ವರ್ಷ ಕಸ ಗುಡಿಸಿದ್ದ. ಆಗಿನ ಮೇಲ್ವಿಚಾರಕ ಮುಖ ನೋಡಿ ಕೆಲಸ ಹಂಚುವ ಆಸಾಮಿ. ನಗುವವರಿಗೆ ಗಾಜಿನ ಬಾಗಿಲು, ಮುಖ ಗಂಟಿಕ್ಕಿದವರಿಗೆ ನೆಲಮಾಳಿಗೆ. ನೆಲಮಾಳಿಗೆಯ ಮೂಲೆಯಲ್ಲಿತ್ತು ಕಸದ ಕೋಣೆ. ಇಡೀ ಕಟ್ಟಡದ ಎಂಜಲು, ಕೊಳೆತದ್ದು, ಸೋರಿದ್ದು ಎಲ್ಲ ಬಂದು ಬೀಳುವ ಜಾಗ. ಆರು ವಾರಕ್ಕೊಂದು ಶನಿವಾರ ಅದನ್ನು ಸೂರಿನಿಂದ ನೆಲದವರೆಗೆ ಉಜ್ಜಿ ತೊಳೆಯಬೇಕು. ಅಲ್ಲಿನ ನೊಣಗಳು ಮೂಗು ಮುಚ್ಚಿಕೊಂಡೇ ಹಾರುತ್ತಿದ್ದವು. ಇಲಿಗಳು ಬೇರೆ ಬಾಡಿಗೆ ಮನೆ ನೋಡಿಕೊಂಡು ಹೋಗಿದ್ದವು. ತಕ್ಕಡಿಯಣ್ಣನದು ಹುಟ್ಟಾ ಗಂಟುಮುಖ. ಕಸದ ಕೋಣೆಯ ಪರಿಚಯ ಅವನಿಗೆ ಚೆನ್ನಾಗಿಯೇ ಇತ್ತು.

ಹಾಗಾಗಿ ತಾನೇ ಮೇಲ್ವಿಚಾರಕನಾದಾಗ ಅವನು ಮೊದಲು ಮಾಡಿದ್ದು ಒಂದು ಪಟ್ಟಿ. ಕೆಲಸದವರು ಆರು ಹೆಂಗಸರು, ಜಾಗಗಳೂ ಆರು: ಮುಂಬಾಗಿಲ ಹಜಾರ, ಮೂರು ಮಹಡಿ, ಶೌಚಾಲಯಗಳು, ನೆಲಮಾಳಿಗೆ. ಪ್ರತಿ ಸೋಮವಾರ ಒಬ್ಬೊಬ್ಬರೂ ಒಂದೊಂದು ಜಾಗ ಮುಂದಕ್ಕೆ. ಭಾನುವಾರ ಎಲ್ಲರಿಗೂ ರಜೆ. ಕಸದ ಕೋಣೆ ತೊಳೆಯುವ ಶನಿವಾರ ಯಾರು ನೆಲಮಾಳಿಗೆಯಲ್ಲಿರುತ್ತಾರೋ ಅವರ ಹೆಸರಿನ ಮುಂದೆ ಕೆಂಪು ಚುಕ್ಕೆ. ಭಾರದ ಕೆಲಸ ಒಬ್ಬರ ತಲೆಗೇ ಕಟ್ಟಬಾರದು, ಸರದಿಯಲ್ಲಿ ಬರಬೇಕು ಎಂದು ಕಂಪನಿಯ ನಿಯಮದ ಪುಸ್ತಕದಲ್ಲೂ ಇತ್ತು. ಪಟ್ಟಿ ನೋಡಿ ದೊಡ್ಡ ಕಚೇರಿಯವರು ಹಿರಿಹಿರಿ ಹಿಗ್ಗಿ, ಕಂಪನಿಯ ಉಳಿದ ಹನ್ನೊಂದು ಕಟ್ಟಡಗಳಿಗೂ ಅದರ ಪ್ರತಿ ಕಳಿಸಿದರು. ಎಲ್ಲ ಒಂದೇ ಅಚ್ಚಿನ ಕಟ್ಟಡಗಳು, ಎಲ್ಲ ಕಡೆಯೂ ಆರೇ ಜನ. ತಕ್ಕಡಿ ಎಂಬ ಹೆಸರು ಬಿದ್ದದ್ದು ಆಗಲೇ.

ಮೂರು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಹೆಂಡತಿ ಅಡುಗೆಮನೆಯ ಡಬ್ಬಿಗಳನ್ನು ಇಳಿಸಿ ಕಪಾಟು ಒರೆಸುತ್ತಿದ್ದಳು. ಹಳೆಯ ಪಟ್ಟಿಗಳನ್ನೆಲ್ಲ ಅವಳು ಡಬ್ಬಿಗಳ ಕೆಳಗೆ ಹಾಸುತ್ತಿದ್ದಳು.

"ರೀ, ಈ ಕೆಂಪು ಚುಕ್ಕೆ ಯಾಕೆ ಯಾವಾಗ್ಲೂ ನಾಲ್ಕನೇ ಸಾಲಲ್ಲೇ ಇದೆ?"

"ಯಾವಾಗ್ಲೂ ಎಲ್ಲಿರುತ್ತೆ? ಸರದಿ ಕಣೇ ಅದು."

"ನನಗೇನು ಗೊತ್ತು ನಿಮ್ಮ ಸರದಿ. ಬೇಳೆ ಡಬ್ಬಿ ಕೆಳಗೂ ನಾಲ್ಕು, ಸಕ್ಕರೆ ಡಬ್ಬಿ ಕೆಳಗೂ ನಾಲ್ಕು."

ಅವನು ನೋಡಿದ. ಆರು ಜನ ಆರು ವಾರದಲ್ಲಿ ಒಂದು ಸುತ್ತು ಮುಗಿಸಿ ಹೊರಟಲ್ಲಿಗೇ ಬಂದು ನಿಲ್ಲುತ್ತಿದ್ದರು. ಕಸದ ಕೋಣೆಯೂ ಸರಿಯಾಗಿ ಆರು ವಾರಕ್ಕೊಮ್ಮೆ ಬಾಯಿ ತೆರೆಯುತ್ತಿತ್ತು. ಅದು ಬಾಯಿ ತೆರೆದಾಗಲೆಲ್ಲ ಅದರೆದುರು ನಿಂತಿರುತ್ತಿದ್ದವಳು ಒಬ್ಬಳೇ, ನಾಲ್ಕನೇ ಸಾಲಿನ ದೊಡ್ಡಕ್ಕ. ಆರು ಮಂದಿಯಲ್ಲಿ ಹಿರಿಯಳು, ಮೊಣಕಾಲು ನೋವಿನವಳು. ಉಳಿದ ಐವರು ಆ ಕೋಣೆಯ ಪೊರಕೆಯನ್ನು ಒಮ್ಮೆಯೂ ಮುಟ್ಟಿರಲಿಲ್ಲ.

ಆ ದಿನವೇ ಹೋಗಿ ಹೇಳಿಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹನ್ನೊಂದು ಗೋಡೆಗಳ ಮೇಲೆ ತೂಗುತ್ತಿರುವ ಪಟ್ಟಿಯನ್ನು ತಪ್ಪೆನ್ನಲು ನಾಲಿಗೆ ಏಳಬೇಕಲ್ಲ? ಮುಂದಿನ ಸಲ ಸದ್ದಿಲ್ಲದೆ ಸರಿ ಮಾಡಿದರಾಯಿತು ಎಂದುಕೊಂಡ. ಮುಂದಿನ ಸಲ ಬಂತು, ಹೋಯಿತು. ಚುಕ್ಕೆಯನ್ನು ಬೇರೆ ಸಾಲಿಗೆ ಸರಿಸಿದರೆ ಆ ಸಾಲಿನವಳು ಏಕೆ ಎನ್ನುವಳು, ಆಗ ಎಲ್ಲ ಬಿಚ್ಚಬೇಕಾಗುವುದು. ಅದರ ಬದಲು ದೊಡ್ಡಕ್ಕನಿಗೆ ಹೊಸ ರಬ್ಬರ್ ಗ್ಲೌಸು ತಂದುಕೊಟ್ಟ. ಜಿರಾಫೆಯ ಮುಂಗಾಲಿಗೂ ಒಂದು ಗೇಣು ಉಳಿಯುವಷ್ಟು ಉದ್ದದ್ದು. ಆಮೇಲೆ ಕೂತು ಉಜ್ಜಲು ಒಂದು ಮಣೆ. ಆಮೇಲೆ ಸುವಾಸನೆಯ ಸೋಪು. ಹೀಗೆ ಎಂಟು ತಿಂಗಳು ಉರುಳಿದವು. ಗೊತ್ತಿಲ್ಲದೆ ಹಾಕಿದ ಇಪ್ಪತ್ತಾರು ಚುಕ್ಕೆಗಳಿಗಿಂತ ಗೊತ್ತಿದ್ದೂ ಹಾಕಿದ ಐದು ಚುಕ್ಕೆಗಳು ಅವನ ಎದೆಯ ಮೇಲೆ ರುಬ್ಬುವ ಕಲ್ಲಿನಂತೆ ಕುಳಿತಿದ್ದವು.

ಆಗ ತಪಾಸಣೆಯ ಮೇಡಂ ಬಂದರು. ಕೆಲಸದ ಹಂಚಿಕೆ ನಿಯಮದಂತೆ ನಡೆದಿದೆಯೇ ಎಂದು ನೋಡುವುದು ಅವರ ಕೆಲಸ. ಬಕೆಟ್ಟು, ಮಾಪುಗಳನ್ನಿಡುವ ಸಾಮಾನಿನ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಒಬ್ಬೊಬ್ಬರನ್ನೇ ಕರೆದು ಕೇಳಿದರು. ದೊಡ್ಡಕ್ಕನ ಸರದಿ ಬಂದಾಗ ತಕ್ಕಡಿಯಣ್ಣ ಬಾಗಿಲ ಹೊರಗೆ, ಒರೆಸಿದ ಕಿಟಕಿಯನ್ನೇ ಒರೆಸುತ್ತ ನಿಂತಿದ್ದ.

"ಕೆಲಸ ನ್ಯಾಯವಾಗಿ ಹಂಚ್ತಾರಾ?"

"ಹಂಚ್ತಾನೆ ತಾಯಿ. ಏನೂ ತೊಂದ್ರೆ ಇಲ್ಲ."

ಅವಳು ಹೊರಬಂದು ನಲ್ಲಿಯ ಬಳಿ ಮಾಪು ಹಿಂಡತೊಡಗಿದಳು. ಅವನು ಹಿಂದೆಯೇ ಹೋದ.

"ಅಕ್ಕಾ, ಯಾಕೆ ಹಾಗಂದೆ?"

"ಮತ್ತೇನು ಅನ್ಲಿ? ನಿನ್ನನ್ನ ತೆಗೆದ್ರೆ ಇನ್ನೊಬ್ಬ ಬರ್ತಾನೆ. ಅವನಿಗೆ ಹಲ್ಲು ಕಿರಿದು ನಿಲ್ಬೇಕು. ನನಗೆ ಉಳಿದಿರೋದೇ ಹದಿನಾರು ಹಲ್ಲು."

"ಅದಲ್ಲಕ್ಕಾ, ಆ ಕಸದ ಕೋಣೆ..."

"ಗೊತ್ತು ಬಿಡೋ." ಅವಳು ತಲೆ ಎತ್ತಲಿಲ್ಲ. "ನೀನು ಮೇಲ್ವಿಚಾರಕ ಆದ ದಿನ ನಾನು ಎಲ್ಲರ ಮುಂದೆ ಅಂದಿದ್ದೆನಲ್ಲ, ಪೊರಕೆ ನೆಟ್ಟಗೆ ಹಿಡಿಯೋಕೆ ಬರದವನು ಪೆನ್ನು ಹಿಡ್ಕೊಂಡ ಅಂತ. ತಮಾಷೆಗೆ ಅಂದದ್ದು. ನಿನಗೆ ನಾಟಿಬಿಡ್ತು. ಒಂದು ವರ್ಷಕ್ಕೆ ಆರುತ್ತೆ ಅಂತ ಕಾದೆ. ನಿಂದು ಎಂಥಾ ಸಿಟ್ಟೋ ಪುಣ್ಯಾತ್ಮ, ನಾಲ್ಕು ವರ್ಷ ಆಗ್ತಾ ಬಂತು, ಇನ್ನೂ ಹೊಗೆ ಆಡ್ತಿದೆ."

ಆ ಮಾತು ಅವನಿಗೆ ನೆನಪೇ ಇರಲಿಲ್ಲ.

"ಕೆಲಸಕ್ಕೆ ನಾನು ಹೆದರಿದವಳಲ್ಲ," ಎಂದಳು ದೊಡ್ಡಕ್ಕ. "ಆದ್ರೆ ಈ ಹೆಂಗಸರು ಏನು ಮಾತಾಡ್ಕೋತಾರೆ ಗೊತ್ತಾ? ಇಂಥಾ ನ್ಯಾಯವಂತ ಇವಳಿಗೇ ಹಾಕ್ತಾನೆ ಅಂದ್ರೆ ಇವಳು ಏನೋ ಕದ್ದು ಸಿಕ್ಕಿಬಿದ್ದಿರಬೇಕು ಅಂತ. ಮನೇಲಿ ಸೊಸೆಯೂ ಕೇಳಿದ್ಳು, 'ಅತ್ತೆ, ನಿಜ ಹೇಳಿ, ಅಲ್ಲಿ ಏನು ಮಾಡಿದ್ರಿ?' ಅಂತ. ಅವತ್ತು ಊಟ ಸೇರಲಿಲ್ಲ ನನಗೆ."

ತಕ್ಕಡಿಯಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅದು ಬಿಡಲಿಲ್ಲ, ಕಾಂಕ್ರೀಟು ಗಟ್ಟಿಯಿತ್ತು. ಇಷ್ಟು ದಿನ ತಾನು ಹೊರಿಸಿದ್ದು ಕಸವನ್ನು ಮಾತ್ರ ಎಂದುಕೊಂಡಿದ್ದ. ತನ್ನ ಒಳ್ಳೆಯ ಹೆಸರೇ ಅವಳ ಹೆಸರನ್ನು ಕೆಡಿಸುತ್ತ ಬಂದಿತ್ತು.

ಅವನು ಎಲ್ಲರನ್ನೂ ಹಜಾರಕ್ಕೆ ಕರೆದ. ಮೇಡಂ ಕೂಡ ಬಂದರು. ಗೋಡೆಯ ಪಟ್ಟಿಯನ್ನು ಕೆಳಗಿಳಿಸಿ, ಸುತ್ತು ಹೇಗೆ ಹೋಗಿ ಹೇಗೆ ಬಂದು ಸಿಕ್ಕಿಬೀಳುತ್ತದೆಂದು ಬೆರಳಿಟ್ಟು ತೋರಿಸಿದ.

"ದೊಡ್ಡಕ್ಕ ಏನೂ ತಪ್ಪು ಮಾಡಿಲ್ಲ. ಶಿಕ್ಷೆ ಅಂತ ಯಾರೂ ಹಾಕಿದ್ದಲ್ಲ. ನನ್ನ ಲೆಕ್ಕ ತಪ್ಪು."

ಐವರೂ ನೆಲ ನೋಡಿದರು. ಪ್ರತಿ ಆರನೇ ಶನಿವಾರ ತಮ್ಮ ಹೆಸರಿನ ಮುಂದೆ ಚುಕ್ಕೆಯಿಲ್ಲವೆಂದು ಹಗುರಾಗಿ ಉಸಿರು ಬಿಟ್ಟವರೇ ಎಲ್ಲರೂ. ಕೊನೆಗೆ ಅವರಲ್ಲಿ ಬಾಯಾಳಿಯೊಬ್ಬಳು ಕೇಳಿದಳು:

"ನಿಮಗೆ ಇದು ಯಾವಾಗ ಗೊತ್ತಾಯ್ತಣ್ಣಾ?"

ಇವತ್ತು ಎಂದರೆ ಸಾಕಿತ್ತು. ಆ ಪದ ಹಲ್ಲಿನವರೆಗೆ ಬಂದು ನಿಂತಿತ್ತು ಕೂಡ. ದೊಡ್ಡಕ್ಕನ ಮುಖ ಆಗಲೇ ಅರ್ಧ ಸಡಿಲಾಗಿತ್ತು. ಇನ್ನೊಂದು ಗಳಿಗೆಯಲ್ಲಿ ಅವಳು ಏನಾದರೂ ತಮಾಷೆಯನ್ನೇ ಆಡುತ್ತಿದ್ದಳು.

"ಎಂಟು ತಿಂಗಳಾಯ್ತು," ಎಂದ.

ದೊಡ್ಡಕ್ಕ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಗ್ಲೌಸುಗಳನ್ನು ತೆಗೆದು ನೋಡಿದಳು.

"ಹಾಗಾದ್ರೆ ಇದು ಅದಕ್ಕಾ?"

ಅವನು ಹೌದೆಂದು ತಲೆಯಾಡಿಸಿದ. ಅವಳು ಅವನ್ನು ಮಡಿಸಿ ಅವನ ಕೈಯಲ್ಲಿಟ್ಟಳು.

"ಲೆಕ್ಕ ತಪ್ಪಿದ್ದನ್ನ ಇವತ್ತಿಗೆ ಮರೀತೀನಿ. ಇದನ್ನ ಮರೆಯೋಕೆ ಇನ್ನೂ ಸ್ವಲ್ಪ ದಿನ ಬೇಕು. ಕೇಳ್ಬೇಡ, ನಾನೇ ಹೇಳ್ತೀನಿ."

ಮೇಡಂ ಬೈಯಲಿಲ್ಲ. ಕಸದ ಕೋಣೆಗೆ ಬೇರೆಯದೇ ಸರದಿ, ಒಂದು ಸಲಕ್ಕೆ ಇಬ್ಬರು, ದೊಡ್ಡಕ್ಕ ಎಲ್ಲರಿಗಿಂತ ಕೊನೆಗೆ ಎಂದು ಅಲ್ಲೇ ಬರೆಸಿದರು. ಆಮೇಲೆ ಹಳೆಯ ಪಟ್ಟಿಯನ್ನು ಎತ್ತಿ ನೋಡಿ, "ಇದು ಇನ್ನೂ ಹನ್ನೊಂದು ಕಡೆ ಇದೆ ಅಲ್ವಾ?" ಎಂದರು. "ನಾನು ಎಲ್ಲ ಕಡೆಗೂ ಕಾಗದ ಕಳಿಸಿ ಸರಿ ಮಾಡಿಸ್ತೀನಿ."

"ಕಾಗದ ಚುಕ್ಕೆ ಸರಿಸುತ್ತೆ ಮೇಡಂ," ಎಂದ ತಕ್ಕಡಿಯಣ್ಣ. "ಹೆಸರು ಸರಿ ಮಾಡಲ್ಲ. ನಾನೇ ಹೋಗ್ತೀನಿ."

ಮರುದಿನ ಮಧ್ಯಾಹ್ನ ರಜೆ ಹಾಕಿ ಮೊದಲ ಕಟ್ಟಡಕ್ಕೆ ಹೋದ. ಅದೇ ಗಾಜಿನ ಬಾಗಿಲು, ಅದೇ ಹಜಾರ, ಅದೇ ಎತ್ತರದಲ್ಲಿ ತೂಗುಹಾಕಿದ ಪಟ್ಟಿ. ಕಸದ ಕೋಣೆ ಯಾರು ತೊಳೆಯುತ್ತಾರೆಂದು ಗೇಟಿನವನನ್ನು ಕೇಳಿದ. ಗೇಟಿನವನು ಒಂದು ಕ್ಷಣವೂ ಯೋಚಿಸಲಿಲ್ಲ.

"ಕಸದ ಕೋಣೆನಾ? ಯಾವಾಗ್ಲೂ ಆ ತೆಳ್ಳನೆ ಆಯಮ್ಮನಿಗೇ ಹಾಕ್ತಾರೆ. ಏನೋ ಎಡವಟ್ಟು ಮಾಡ್ಕೊಂಡಿದ್ದಾಳೆ ಅಂತ ಕಾಣುತ್ತೆ."

ನೆಲಮಾಳಿಗೆಯ ಮೆಟ್ಟಿಲು ಹತ್ತಿ ಒಬ್ಬ ತೆಳ್ಳನೆಯ ಹೆಂಗಸು ಬಂದಳು. ಸೆರಗಿಗೆ ಕೈ ಒರೆಸುತ್ತಿದ್ದವಳು ಅಪರಿಚಿತನನ್ನೂ ಅವನು ಬೆರಳಿಟ್ಟಿದ್ದ ನಾಲ್ಕನೇ ಸಾಲನ್ನೂ ಕಂಡು ಅಲ್ಲೇ ನಿಂತಳು.

"ಈಗ ಇನ್ನೇನು ತಪ್ಪು ಹುಡುಕ್ಕೊಂಡು ಬಂದ್ರಿ?"

"ನಂದೇ ತಪ್ಪಮ್ಮಾ," ಎಂದ ತಕ್ಕಡಿಯಣ್ಣ. "ಎಲ್ಲರನ್ನೂ ಇಲ್ಲಿಗೆ ಕರೀತೀಯಾ? ಈ ಗೇಟಿನವರೂ ಬರ್ಲಿ. ಎಲ್ಲರ ಮುಂದೆ ಹೇಳ್ಬೇಕು."